ಕ್ಯಾಂಪಸ್‌ನಲ್ಲಿ ಬೈಕ್ ಓಡಾಟ ತಗ್ಗಿಸುವುದು ಹೇಗೆ? ಸೈಕಲ್ ಕೊಳ್ಳುವ ಮುಂಚೆ ಮಾಡಬೇಕಾದ ಕೆಲಸಗಳು

ಜೂನ್ 5ರ ಪರಿಸರ ದಿನಕ್ಕೆ ಕಾಲೇಜಿಗೆ ಹೊಸ ಸೈಕಲ್‌ಗಳು ಬರುತ್ತವೆ. ಪ್ರಿನ್ಸಿಪಾಲರು ಬಾವುಟ ತೋರಿಸುತ್ತಾರೆ, ಜಾಥಾ ಹೊರಡುತ್ತದೆ, ಪೇಪರಿನಲ್ಲಿ ಫೋಟೋ ಬರುತ್ತದೆ. ದಸರಾ ರಜೆ ಮುಗಿಸಿ ಬರುವಷ್ಟರಲ್ಲಿ ಅರ್ಧ ಸೈಕಲ್‌ಗಳು ಪಂಕ್ಚರ್ ಆಗಿ ನಿಂತಿರುತ್ತವೆ, ಉಳಿದವುಗಳ ಚೈನು ತುಕ್ಕು ಹಿಡಿದಿರುತ್ತದೆ. ಮುಂದಿನ ವರ್ಷ ಇನ್ನೊಂದು ಬ್ಯಾಚ್ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಎನ್ನೆಸ್ಸೆಸ್ ಘಟಕಗಳು, ಇಕೋ ಕ್ಲಬ್‌ಗಳು, ಆಸಕ್ತಿಯಿರುವ ಉಪನ್ಯಾಸಕರು, ಯಾರನ್ನು ಕೇಳಿದರೂ ಹೆಚ್ಚು ಕಡಿಮೆ ಇದೇ ಉತ್ತರ.

ಇವರಲ್ಲಿ ಯಾರಿಗೂ ಉತ್ಸಾಹ ಕಡಿಮೆ ಇರಲಿಲ್ಲ. ಎಡವಟ್ಟಾಗುವುದು ಕೆಲಸದ ಸರದಿಯಲ್ಲಿ. ಕೊನೆಗೆ ಮಾಡಬೇಕಾದ ಖರೀದಿಯನ್ನು ಮೊದಲು ಮಾಡುತ್ತೇವೆ. ಸೈಕಲ್ ಬಂದ ಮೇಲೆ ಅದನ್ನು ಎಲ್ಲಿ ನಿಲ್ಲಿಸುವುದು, ಯಾರು ಗಾಳಿ ಹೊಡೆಯುವುದು ಎಂದು ಯೋಚಿಸುತ್ತೇವೆ. ಅಷ್ಟೇ ಅಲ್ಲ, ನಿಮ್ಮ ಕಾಲೇಜಿಗೆ ಸೈಕಲ್ಲೇ ಮೊದಲ ಮದ್ದು ಎಂದು ಹೇಳಿದವರಾದರೂ ಯಾರು?

ಸಾವಿರದಿಂದ ಐದು ಸಾವಿರ ವಿದ್ಯಾರ್ಥಿಗಳಿರುವ ಕರ್ನಾಟಕದ ಕಾಲೇಜನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದ್ದೇನೆ. ಎಲ್ಲ ಹಂತ ಮುಗಿಸಲು ಒಂದು ಪೂರ್ತಿ ಶೈಕ್ಷಣಿಕ ವರ್ಷ ಬೇಕು. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

## ಶುರು ಮಾಡುವ ಮುಂಚೆ

ಮೊದಲು ಜನ. ಒಬ್ಬರು ಕಾಯಂ ಸಿಬ್ಬಂದಿ ಇರಲೇಬೇಕು. ಅತಿಥಿ ಉಪನ್ಯಾಸಕರ ಮೇಲೆ ಈ ಭಾರ ಹಾಕಬೇಡಿ, ಮುಂದಿನ ವರ್ಷ ಅವರು ಅಲ್ಲಿರುತ್ತಾರೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ವಿದ್ಯಾರ್ಥಿಗಳಲ್ಲಿ ಕೊನೆಯ ವರ್ಷದವರನ್ನು ಮುಂದೆ ನಿಲ್ಲಿಸಬೇಡಿ. ಮೊದಲ ಮತ್ತು ಎರಡನೇ ವರ್ಷದಿಂದ ಇಬ್ಬಿಬ್ಬರನ್ನು ಆರಿಸಿ. ಗೇಟಿನ ವಾಚ್‌ಮನ್ ಮತ್ತು ಆಫೀಸಿನಲ್ಲಿ ಬಿಲ್ ಪಾಸ್ ಮಾಡುವವರು, ಈ ಇಬ್ಬರನ್ನು ಮೊದಲ ಸಭೆಗೇ ಕರೆಯಿರಿ. ಮುಂದೆ ನಿಮ್ಮ ಕೆಲಸ ನಿಲ್ಲುವುದೂ ನಡೆಯುವುದೂ ಇವರಿಂದಲೇ.

ಎರಡನೆಯದು ಪ್ರಿನ್ಸಿಪಾಲರ ಸಹಿ ಇರುವ ಲಿಖಿತ ಆದೇಶ. ಬಾಯಿಮಾತಿನ ಒಪ್ಪಿಗೆ ಪ್ರಿನ್ಸಿಪಾಲರ ವರ್ಗಾವಣೆಯ ಜೊತೆಗೇ ಹೋಗುತ್ತದೆ. ಅವರನ್ನು ಒಪ್ಪಿಸಲು ಒಂದು ಗಟ್ಟಿ ಕಾರಣವೂ ಇದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದ ಏಳನೇ ಮಾನದಂಡದಲ್ಲಿ ಹಸಿರು ಕ್ಯಾಂಪಸ್ ಎಂಬ ಭಾಗವಿದೆ. ವಾಹನಗಳ ಪ್ರವೇಶಕ್ಕೆ ಮಿತಿ, ಸೈಕಲ್ ಅಥವಾ ಬ್ಯಾಟರಿ ವಾಹನದ ಬಳಕೆ, ನಡೆಯುವವರಿಗೆ ಒಳ್ಳೆಯ ದಾರಿ, ಈ ಮೂರನ್ನೂ ಅಲ್ಲಿ ಕೇಳುತ್ತಾರೆ. ಹೇಗೂ ಉತ್ತರ ಬರೆಯಬೇಕಾದ ಪ್ರಶ್ನೆಗಳು, ನಿಜವಾದ ಕೆಲಸ ಮಾಡಿಯೇ ಬರೆಯೋಣ ಅಲ್ವಾ?

ಸಾಮಾನು ಸದ್ಯಕ್ಕೆ ಜಾಸ್ತಿ ಬೇಡ. ಒಂದು ರಿಜಿಸ್ಟರ್, ಅಳತೆ ಟೇಪು, ಕ್ಯಾಂಪಸ್‌ನ ನಕ್ಷೆಯ ಒಂದು ಪ್ರತಿ ಸಾಕು.

## ಹಂತ 1: ಗೇಟಿನಲ್ಲಿ ನಿಂತು ಎಣಿಸಿ

ಮಂಗಳವಾರ, ಬುಧವಾರ, ಗುರುವಾರ ಎಣಿಸಿ. ಸೋಮವಾರ ಊರಿಂದ ಬರುವವರು ತಡವಾಗಿ ಬರುತ್ತಾರೆ, ಶನಿವಾರ ಅರ್ಧ ದಿನ. ಆ ದಿನಗಳ ಲೆಕ್ಕ ದಾರಿ ತಪ್ಪಿಸುತ್ತದೆ. ಹಬ್ಬ, ಇಂಟರ್ನಲ್ ಪರೀಕ್ಷೆ ಇರುವ ವಾರವೂ ಬೇಡ. ಬೆಳಿಗ್ಗೆ 8ರಿಂದ 10.30, ಮಧ್ಯಾಹ್ನ 3ರಿಂದ 5.30. ಪ್ರತಿ ಗೇಟಿಗೆ ಇಬ್ಬರು. ನಡೆದು ಬಂದವರು, ಸೈಕಲ್, ಒಬ್ಬರೇ ಬಂದ ಬೈಕ್, ಇಬ್ಬರು ಬಂದ ಬೈಕ್, ಕಾರು, ಆಟೋ, ಕಾಲೇಜು ಬಸ್ಸು ಎಂದು ಕಾಲಂ ಹಾಕಿ ಗೆರೆ ಎಳೆಯುತ್ತಾ ಹೋಗಿ.

ಇದರ ಜೊತೆಗೆ ತರಗತಿಯಲ್ಲೇ ಒಂದು ಚೀಟಿ ಕೊಟ್ಟು ನಾಲ್ಕು ಪ್ರಶ್ನೆ ಕೇಳಿ. ಯಾವ ಊರು ಅಥವಾ ಬಡಾವಣೆಯಿಂದ ಬರುತ್ತೀರಿ? ಹೇಗೆ ಬರುತ್ತೀರಿ? ಮನೆಯಿಂದ ಎಷ್ಟು ಹೊತ್ತಿಗೆ ಹೊರಡುತ್ತೀರಿ? ಬೈಕಿನಲ್ಲಿ ಬರುವವರಾದರೆ, ಬಸ್ಸಿನಲ್ಲಿ ಬರದಿರಲು ಕಾರಣ ಏನು? ಬಹಳ ತಂಡಗಳು ಇಲ್ಲೇ ಜಾರುತ್ತವೆ. ವಾಟ್ಸಾಪ್ ಗುಂಪಿಗೆ ಗೂಗಲ್ ಫಾರಂ ಹಾಕಿ ಸುಮ್ಮನಾಗುತ್ತಾರೆ. ಅದನ್ನು ತುಂಬುವವರು ಆಸಕ್ತಿ ಇರುವವರು ಮಾತ್ರ. ಸಂಜೆ ನಾಲ್ಕರ ಬಸ್ಸು ಹಿಡಿಯಲು ಓಡುವ ಹಳ್ಳಿಯ ಹುಡುಗಿಯ ಉತ್ತರ ಆ ಲೆಕ್ಕದಲ್ಲಿ ಇರುವುದೇ ಇಲ್ಲ. ತರಗತಿಯಲ್ಲಿ ಹತ್ತು ನಿಮಿಷ ಕೇಳಿ ಪಡೆದು, ಕಾಗದದಲ್ಲೇ ಬರೆಸಿ.

ಈಗ ಲೆಕ್ಕ ಹಾಕಿ. ಒಂದು ಉದಾಹರಣೆ ಕೊಡುತ್ತೇನೆ. ದಿನಕ್ಕೆ 300 ಬೈಕು, ಸ್ಕೂಟರ್ ಬರುತ್ತವೆ, ಸರಾಸರಿ 12 ಕಿ.ಮೀ. ದೂರದಿಂದ ಎಂದುಕೊಳ್ಳಿ. ಹೋಗಿ ಬರಲು 24 ಕಿ.ಮೀ. ಒಟ್ಟು 7,200 ಕಿ.ಮೀ. ಲೀಟರಿಗೆ 45 ಕಿ.ಮೀ. ಹಿಡಿದರೆ ದಿನಕ್ಕೆ 160 ಲೀಟರ್ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಂದರೆ ದಿನಕ್ಕೆ 368 ಕಿಲೋ. ಇದೇ 300 ಗಾಡಿಗಳು ಕ್ಯಾಂಪಸ್ ಒಳಗೆ ದಿನಕ್ಕೆ 2 ಕಿ.ಮೀ. ಓಡಾಡಿದರೆ ಒಟ್ಟು 600 ಕಿ.ಮೀ. ಖರ್ಚಾಗುವ ಪೆಟ್ರೋಲ್ ಕೇವಲ 13 ಲೀಟರ್ ಚಿಲ್ಲರೆ.

ಕ್ಯಾಂಪಸ್ ಒಳಗಿನ ಸೈಕಲ್‌ಗಳು ಎಷ್ಟೇ ಚೆನ್ನಾಗಿ ಓಡಿದರೂ ಈ 13 ಲೀಟರನ್ನಷ್ಟೇ ಮುಟ್ಟಬಲ್ಲವು. ಉಳಿದ 160 ಲೀಟರ್ ಇರುವುದು ಮನೆಯಿಂದ ಗೇಟಿನವರೆಗಿನ ದಾರಿಯಲ್ಲಿ. ನಿಮ್ಮ ಅಂಕಿ ಬೇರೆ ಇರಬಹುದು. ಬಹುತೇಕ ಎಲ್ಲರೂ ಹಾಸ್ಟೆಲ್‌ನಲ್ಲೇ ಇರುವ ಕ್ಯಾಂಪಸ್ ಆದರೆ ಲೆಕ್ಕ ತಿರುಗಿ ಹೋಗುತ್ತದೆ, ಅಲ್ಲಿ 2ನೇ ಹಂತ ಬಿಟ್ಟು 3ಕ್ಕೆ ಹೋಗಿ. ಹೊರಗಿನಿಂದ ಬರುವವರೇ ಜಾಸ್ತಿ ಇದ್ದರೆ ಬಸ್ಸಿನಿಂದಲೇ ಶುರು ಮಾಡಿ.

## ಹಂತ 2: ಬಸ್ಸಿನ ಸಮಯ ಹೊಂದಿಸಿ

ಇಡೀ ಯೋಜನೆಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲ ಕೊಡುವ ಹಂತ ಇದು. ಇದನ್ನೇ ಎಲ್ಲರೂ ಹಾರಿಸಿಬಿಡುತ್ತಾರೆ. ಉದ್ಘಾಟನೆ ಮಾಡಲು ಇದರಲ್ಲಿ ಏನೂ ಇರುವುದಿಲ್ಲ ಎಂಬುದೇ ಕಾರಣ ಇರಬೇಕು.

2.1 ಮೊದಲು ಕಾಲೇಜಿನ ಗಂಟೆ ನೋಡಿ. ಚೀಟಿಗಳನ್ನು ಊರಿನ ಪ್ರಕಾರ ಗುಡ್ಡೆ ಮಾಡಿ. ಒಂದೊಂದು ಮಾರ್ಗದ ಬಸ್ಸು ನಿಮ್ಮ ಸ್ಟಾಪಿಗೆ ಬರುವ ಸಮಯವನ್ನು ಪಕ್ಕದಲ್ಲಿ ಬರೆಯಿರಿ. ಬೋರ್ಡಿನಲ್ಲಿರುವ ಸಮಯ ಬೇಡ, ಮೂರು ದಿನ ನಿಂತು ನೋಡಿದ ಸಮಯ ಬರೆಯಿರಿ. ಬಸ್ಸು 9.05ಕ್ಕೆ ಬಂದು ಮೊದಲ ಪೀರಿಯಡ್ 9ಕ್ಕೆ ಶುರುವಾದರೆ ಹುಡುಗರು ಬೈಕ್ ತರದೆ ಏನು ಮಾಡುತ್ತಾರೆ? ಟೈಮ್ ಟೇಬಲ್ ಹದಿನೈದು ನಿಮಿಷ ಮುಂದೆ ಹಾಕುವುದು ಪೂರ್ತಿ ಕಾಲೇಜಿನ ಕೈಯಲ್ಲಿದೆ. ಯಾರ ಬಾಗಿಲಿಗೂ ಅಲೆಯಬೇಕಿಲ್ಲ.

2.2 ಆಮೇಲೆ ಡಿಪೋಗೆ ಹೋಗಿ. ನಿಮ್ಮ ಜಾಗಕ್ಕೆ ತಕ್ಕಂತೆ ಕೆಎಸ್‌ಆರ್‌ಟಿಸಿ, ಬಿಎಂಟಿಸಿ, ವಾಯವ್ಯ ಅಥವಾ ಕಲ್ಯಾಣ ಕರ್ನಾಟಕ ಸಾರಿಗೆ ಸಂಸ್ಥೆಯ ಡಿಪೋ ಮ್ಯಾನೇಜರ್ ಅವರನ್ನು ಭೇಟಿಯಾಗಿ. "ಬಸ್ಸು ಸಾಲದು" ಎಂದು ಬರೆದ ಅರ್ಜಿ ಅಲ್ಲೇ ಉಳಿಯುತ್ತದೆ. ಯಾವ ಊರು, ಯಾವ ಸಮಯ, ಎಷ್ಟು ವಿದ್ಯಾರ್ಥಿಗಳು ಎಂಬ ಪಟ್ಟಿ ಬೇಕು. ಕಾಲೇಜಿನ ಲೆಟರ್‌ಹೆಡ್, ಸೀಲು, ಒಂದು ಪ್ರತಿಗೆ ಸ್ವೀಕೃತಿ ಸಹಿ. ಹೊಸ ಬಸ್ಸು ಬೇಕಾದರೆ ವಿಭಾಗೀಯ ನಿಯಂತ್ರಣಾಧಿಕಾರಿಗೆ ಇನ್ನೊಂದು ಪ್ರತಿ ಕಳಿಸಿ.

ಕೇಳುವುದರಲ್ಲೂ ಒಂದು ಸರದಿ ಇದೆ. ಮೊದಲು ಇರುವ ಬಸ್ಸಿನ ಸಮಯ ಸ್ವಲ್ಪ ಬದಲಿಸಲು ಕೇಳಿ. ಎರಡನೆಯದಾಗಿ, ಗೇಟಿನ ಮುಂದೆಯೇ ನಿಲ್ಲದೆ ಹೋಗುವ ಬಸ್ಸುಗಳಿಗೆ ಕೋರಿಕೆ ನಿಲುಗಡೆ ಕೇಳಿ. ಹೆಚ್ಚುವರಿ ಟ್ರಿಪ್ ಕೇಳುವುದು ಕೊನೆಗೆ. ಮೊದಲ ದಿನವೇ ಹೊಸ ಬಸ್ಸು ಕೇಳಿದರೆ ಗಾಡಿ ಇಲ್ಲ, ಸಿಬ್ಬಂದಿ ಇಲ್ಲ ಎಂಬ ಉತ್ತರ ಬರುತ್ತದೆ. ಮಾತುಕತೆ ಅಲ್ಲಿಗೇ ಮುಗಿಯುತ್ತದೆ.

ದಕ್ಷಿಣ ಕನ್ನಡ, ಉಡುಪಿಯಂಥ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿ. ಅಲ್ಲಿ ಮಾಲೀಕರ ಜೊತೆ ಮಾತಾಡಬೇಕು. ಆದರೆ ಪರ್ಮಿಟ್‌ನಲ್ಲಿ ನಿಗದಿಯಾದ ಸಮಯವನ್ನು ಅವರು ತಮ್ಮಷ್ಟಕ್ಕೇ ಬದಲಿಸುವಂತಿಲ್ಲ, ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಒಪ್ಪಿಗೆ ಬೇಕು. ಹಾಗಾಗಿ ಅಲ್ಲಿ ಕಾಲೇಜಿನ ಗಂಟೆ ಬದಲಿಸುವುದೇ ಸುಲಭ. ಹುಬ್ಬಳ್ಳಿ-ಧಾರವಾಡದವರಿಗೆ ಚಿಗರಿ ಬಸ್ಸಿಗೆ ಬೇರೆಯದೇ ದಾರಿ ಇರುವುದರಿಂದ ಈ ತಲೆನೋವು ಕಡಿಮೆ. ಅವರು ನಿಲ್ದಾಣದಿಂದ ತರಗತಿಯವರೆಗಿನ ದಾರಿಯ ಬಗ್ಗೆ ಯೋಚಿಸಿದರೆ ಸಾಕು.

2.3 ಪಾಸ್ ಕೆಲಸ ಕಾಲೇಜಿನಲ್ಲೇ ಮಾಡಿಸಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಇಲ್ಲಿನ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಹೊರರಾಜ್ಯದಿಂದ ಬಂದು ಹಾಸ್ಟೆಲ್‌ನಲ್ಲಿರುವ ಹುಡುಗಿಯರಿಗೆ ಇದು ಸಿಗುವುದಿಲ್ಲ, ಪ್ರವೇಶದ ದಿನವೇ ಅವರಿಗೆ ಹೇಳಿಬಿಡಿ. ಹುಡುಗರಿಗೆ ವಿದ್ಯಾರ್ಥಿ ಪಾಸ್ ಬೇಕು. ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ. ಪಾಸ್ ಆಗುವುದು ತಡವಾದಷ್ಟೂ ಹುಡುಗರಿಗೆ ಬೈಕಿನ ಅಭ್ಯಾಸ ಅಂಟಿಕೊಳ್ಳುತ್ತದೆ. ಪ್ರವೇಶದ ವಾರದಲ್ಲೇ ಕಂಪ್ಯೂಟರ್ ಲ್ಯಾಬಿನಲ್ಲಿ ಕೂರಿಸಿ ಎಲ್ಲರ ಅರ್ಜಿ ಹಾಕಿಸಿಬಿಡಿ.

*ಎಚ್ಚರಿಕೆಯ ಸೂಚನೆ:* ಸಮಯ ಬದಲಾದ ಮೊದಲ ವಾರ ಬಸ್ಸು ತುಂಬಿ ಬಂದು, ಮೂರನೇ ವಾರಕ್ಕೆ ಖಾಲಿ ಬರುತ್ತಿದ್ದರೆ ಸಂಜೆಯ ಬಸ್ಸು ಸರಿಯಿಲ್ಲ ಎಂದರ್ಥ. ಮನೆಗೆ ಹೋಗುವ ಖಾತ್ರಿ ಇಲ್ಲದವರು ಬೆಳಿಗ್ಗೆಯೇ ಬೈಕ್ ತರುತ್ತಾರೆ. ಲ್ಯಾಬ್ ಮುಗಿಯುವ ಹೊತ್ತಿನ ಬಸ್ಸನ್ನು ಮೊದಲು ಸರಿಪಡಿಸಿ.

## ಹಂತ 3: ಸ್ಟಾಪಿನಿಂದ ತರಗತಿಗೆ ನಡೆದು ನೋಡಿ

ಬಸ್ ಸ್ಟಾಪಿನಿಂದ ಅತಿ ದೂರದ ಬ್ಲಾಕಿನವರೆಗೆ ನೀವೇ ನಡೆಯಿರಿ. ಮಧ್ಯಾಹ್ನ 2 ಗಂಟೆಗೆ ಒಮ್ಮೆ, ಮಳೆ ಬರುವಾಗ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ನೆರಳಿಲ್ಲದ ಜಾಗ, ನೀರು ನಿಲ್ಲುವ ಜಾಗ, ದೀಪ ಕೆಟ್ಟ ಜಾಗ, ಮೂರನ್ನೂ ನಕ್ಷೆಯಲ್ಲಿ ಬೇರೆ ಬೇರೆ ಬಣ್ಣದಲ್ಲಿ ಗುರುತು ಮಾಡಿ. ಸಾಧ್ಯವಾದರೆ ಗಾಲಿಕುರ್ಚಿ ಬಳಸುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಮ್ಮ ಕಣ್ಣಿಗೆ ಬೀಳದ ಎಷ್ಟೋ ಮೆಟ್ಟಿಲುಗಳನ್ನು ಅವರು ತೋರಿಸಿಕೊಡುತ್ತಾರೆ.

ಫುಟ್‌ಪಾತ್ ಕಟ್ಟಿಸುವುದಾದರೆ ಎರಡು ಅಳತೆ ನೆನಪಿಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವಂತೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಖಾಲಿ ಇರಬೇಕು, ಎತ್ತರ 15 ಸೆಂ.ಮೀ. ದಾಟಬಾರದು. ನಮ್ಮಲ್ಲಿ ಒಂದು ಅಡಿಗಿಂತ ಎತ್ತರ ಕಟ್ಟಿ, ಮಧ್ಯೆ ಮರವನ್ನೋ ಕರೆಂಟ್ ಕಂಬವನ್ನೋ ಬಿಟ್ಟಿರುತ್ತಾರೆ. ಜನ ಇಳಿದು ರಸ್ತೆಯಲ್ಲೇ ನಡೆಯುತ್ತಾರೆ.

ಹಂಪ್‌ಗಳ ಬಗ್ಗೆಯೂ ಒಂದು ಮಾತು. ಸಿಮೆಂಟಿನಲ್ಲಿ ಕೈಯಿಂದ ಮಾಡಿದ ಚೂಪು ಹಂಪು ಸೈಕಲ್ ಸವಾರರ ಸೊಂಟ ಮುರಿಯುತ್ತದೆ, ಬೈಕಿನವರು ಪಕ್ಕದಿಂದ ತೂರಿಕೊಂಡು ಹೋಗುತ್ತಾರೆ. ಸರಿಯಾದ ಗುಂಡು ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರುತ್ತದೆ. ಸೈಕಲ್ ಅದನ್ನು ಸಲೀಸಾಗಿ ದಾಟುತ್ತದೆ.

## ಹಂತ 4: ಗಾಡಿಗಳನ್ನು ಗೇಟಿನ ಹತ್ತಿರವೇ ನಿಲ್ಲಿಸಿ

ಬಸ್ಸು, ನಡೆಯುವ ದಾರಿ ಎರಡೂ ಸರಿಯಾದ ಮೇಲೆ ಮಾತ್ರ ಈ ಹಂತಕ್ಕೆ ಬನ್ನಿ. ಮೊದಲೇ ನಿಷೇಧ ಹಾಕಿದರೆ ಗಲಾಟೆ ಖಂಡಿತ, ಮತ್ತು ಆ ಗಲಾಟೆಯಲ್ಲಿ ನ್ಯಾಯವೂ ಇರುತ್ತದೆ. ಬೇರೆ ದಾರಿ ಕೊಡದೆ ಇರುವ ದಾರಿ ಮುಚ್ಚುವುದು ಸರಿಯಲ್ಲ.

ಗೇಟಿನ ಪಕ್ಕ ನೆರಳಿರುವ ಪಾರ್ಕಿಂಗ್ ಮಾಡಿ. ಅಲ್ಲಿಂದ ಮುಂದೆ ವಿದ್ಯಾರ್ಥಿಗಳ ಬೈಕ್ ಹೋಗಬಾರದು. ನಿಯಮ ಸಿಬ್ಬಂದಿಯ ಕಾರಿಗೂ ಅದೇ ಇರಲಿ. ಇಲ್ಲಿ ಎಷ್ಟೋ ಕಾಲೇಜುಗಳು ಸೋಲುತ್ತವೆ: ವಿದ್ಯಾರ್ಥಿಗಳನ್ನು ಗೇಟಿನಲ್ಲಿ ತಡೆದು, ಅವರ ಕಣ್ಣೆದುರೇ ಮೇಷ್ಟ್ರ ಕಾರು ಪೋರ್ಟಿಕೋವರೆಗೆ ಹೋಗುತ್ತದೆ. ಒಂದು ತಿಂಗಳಲ್ಲಿ ಆ ನಿಯಮಕ್ಕೆ ಬೆಲೆ ಇರುವುದಿಲ್ಲ. ಮೊದಲು ಸಿಬ್ಬಂದಿಗೆ ಜಾರಿ ಮಾಡಿ, ಎರಡು ವಾರದ ಮೇಲೆ ವಿದ್ಯಾರ್ಥಿಗಳಿಗೆ.

ವಿನಾಯಿತಿಗಳನ್ನು ಆದೇಶದಲ್ಲೇ ಬರೆಯಿರಿ: ಅಂಗವಿಕಲರು, ಗರ್ಭಿಣಿಯರು, ಆಂಬುಲೆನ್ಸ್, ಗ್ಯಾಸ್ ಮತ್ತು ದಿನಸಿ ಗಾಡಿ. ಪಟ್ಟಿ ಇಲ್ಲದಿದ್ದರೆ ಪ್ರತಿ ದಿನ ವಾಚ್‌ಮನ್ ಜೊತೆ ಜಗಳ. ಒಂದೇ ಕಡೆಯಿಂದ ಬರುವ ಇಬ್ಬರು ಒಂದೇ ಬೈಕಿನಲ್ಲಿ ಬಂದರೆ ಅವರಿಗೆ ಹತ್ತಿರದ ಜಾಗ ಕೊಡಿ. ಹಿಂದೆ ಕೂತವರಿಗೂ ಹೆಲ್ಮೆಟ್ ಇದ್ದರೆ ಮಾತ್ರ.

*ಎಚ್ಚರಿಕೆಯ ಸೂಚನೆ:* ಒಳಗೆ ಬೈಕ್ ಕಡಿಮೆಯಾಗಿ ಕಾಂಪೌಂಡ್ ಹೊರಗೆ ರಸ್ತೆ ಬದಿಯಲ್ಲಿ ಸಾಲು ಬೆಳೆಯುತ್ತಿದ್ದರೆ ನೀವು ಏನನ್ನೂ ಕಡಿಮೆ ಮಾಡಿಲ್ಲ, ಜಾಗ ಬದಲಿಸಿದ್ದೀರಿ ಅಷ್ಟೇ. ಮತ್ತೆ 2ನೇ ಹಂತಕ್ಕೆ ಹೋಗಿ.

## ಹಂತ 5: ಸ್ಟ್ಯಾಂಡು ಮತ್ತು ರಿಪೇರಿ ಮೂಲೆ

ಇನ್ನೂ ಸೈಕಲ್ ಕೊಂಡಿಲ್ಲ, ನೆನಪಿರಲಿ. ಈಗಾಗಲೇ ಸ್ವಂತ ಸೈಕಲ್ ಇರುವವರಿಗೆ ಮೊದಲು ಅನುಕೂಲ ಮಾಡೋಣ.

ಸ್ಟ್ಯಾಂಡು ತರಗತಿಯ ಬಾಗಿಲಿಗೆ ಬೈಕ್ ಪಾರ್ಕಿಂಗ್‌ಗಿಂತ ಹತ್ತಿರ ಇರಬೇಕು. ಮೇಲೆ ಶೀಟು ಇರಲೇಬೇಕು. ಮುಂದಿನ ಚಕ್ರ ಮಾತ್ರ ಸಿಕ್ಕಿಸುವ ಕಂಬಿ ಸ್ಟ್ಯಾಂಡು ಬೇಡ, ಸೈಕಲ್ ವಾಲಿದರೆ ರಿಮ್ಮು ಸೊಟ್ಟಗಾಗುತ್ತದೆ. ಪೈಪನ್ನು ಬಗ್ಗಿಸಿ ಬೋರಲು ಹಾಕಿದ ಯು ಆಕಾರದಲ್ಲಿ ನೆಲಕ್ಕೆ ಕಾಂಕ್ರೀಟ್ ಮಾಡಿಸಿ. ಎತ್ತರ ಮುಕ್ಕಾಲು ಮೀಟರ್, ಒಂದರಿಂದ ಇನ್ನೊಂದಕ್ಕೆ ಒಂದು ಮೀಟರ್. ಫ್ರೇಮನ್ನೇ ಪೈಪಿಗೆ ಬೀಗ ಹಾಕಬಹುದು, ಎರಡೂ ಬದಿಗೆ ಒಂದೊಂದು ಸೈಕಲ್ ನಿಲ್ಲುತ್ತದೆ. ಹತ್ತಿರದ ವೆಲ್ಡಿಂಗ್ ಶಾಪಿನವರೇ ಮಾಡಿಕೊಡುತ್ತಾರೆ. ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ ಹಿಡಿಯುತ್ತವೆ.

ರಿಪೇರಿ ಮೂಲೆಗೆ ಬೇಕಾದ್ದು ಇಷ್ಟು: ಕಾಲಲ್ಲಿ ಒತ್ತಿ ಹಿಡಿದು ಹೊಡೆಯುವ ದೊಡ್ಡ ಪಂಪು, ಸ್ಪ್ಯಾನರ್ ಸೆಟ್, ಅಲೆನ್ ಕೀ, ಟೈರ್ ಬಿಚ್ಚುವ ಲಿವರ್ ಮೂರು, ಪ್ಯಾಚು, ಸೊಲ್ಯೂಷನ್, ಉಪ್ಪುಕಾಗದ, ಕಡ್ಡಿ ಬಿಗಿ ಮಾಡುವ ಕೀ, ಚೈನಿಗೆ ಹಾಕುವ ಎಣ್ಣೆ, ಹಳೆ ಬಟ್ಟೆ, ಒಂದು ಬಕೆಟ್. ಪಂಪನ್ನು ಸರಪಳಿ ಹಾಕಿ ಗೋಡೆಗೆ ಕಟ್ಟಿ. ಉಳಿದದ್ದು ಪೆಟ್ಟಿಗೆಯಲ್ಲಿ, ಕೀ ವಾಚ್‌ಮನ್ ಹತ್ತಿರ.

ಪಂಕ್ಚರ್ ಹಾಕುವಾಗ ಎಲ್ಲರೂ ಮಾಡುವ ಎರಡು ತಪ್ಪು ಇಲ್ಲೇ ಹೇಳಿಬಿಡುತ್ತೇನೆ. ಪ್ಯಾಚ್ ಹಾಕಿ ಟ್ಯೂಬ್ ವಾಪಸ್ ತುರುಕುತ್ತಾರೆ, ಟೈರಿನಲ್ಲಿ ಚುಚ್ಚಿಕೊಂಡಿರುವ ಜಾಲಿ ಮುಳ್ಳು ಹಾಗೇ ಇರುತ್ತದೆ. ಬಯಲುಸೀಮೆಯ ಕಡೆ ಇದು ದಿನನಿತ್ಯದ ಕಥೆ. ಟೈರಿನ ಒಳಗೆ ಸುತ್ತಲೂ ಹುಷಾರಾಗಿ ಬೆರಳಾಡಿಸಿ ಮುಳ್ಳು ತೆಗೆಯಿರಿ. ಎರಡನೆಯದು, ಸೊಲ್ಯೂಷನ್ ಹಚ್ಚಿದ ಕೂಡಲೇ ಪ್ಯಾಚ್ ಅಂಟಿಸುವುದು. ಕೆಲವು ನಿಮಿಷ ಬಿಡಿ, ಹೊಳಪು ಹೋಗಿ ಒಣಗಿದಂತೆ ಕಾಣಬೇಕು, ಆಮೇಲೆ ಒತ್ತಿ. ಇನ್ನೊಂದು ವಿಷಯ, ಗಾಳಿ ಇಳಿದದ್ದೆಲ್ಲ ಪಂಕ್ಚರ್ ಅಲ್ಲ. ಟ್ಯೂಬ್ ಬಿಚ್ಚುವ ಮುಂಚೆ ವಾಲ್ವಿನ ಬಾಯಿಗೆ ಒಂದು ಹನಿ ನೀರು ಹಾಕಿ ನೋಡಿ. ಗುಳ್ಳೆ ಬಂದರೆ ಒಳಗಿನ ಚಿಕ್ಕ ರಬ್ಬರ್ ಬದಲಿಸಿದರೆ ಸಾಕು.

ಆದರೂ ವಿದ್ಯಾರ್ಥಿಗಳೇ ಎಲ್ಲ ರಿಪೇರಿ ಮಾಡುತ್ತಾರೆ ಎಂದು ನಂಬಿ ಕೂರಬೇಡಿ. ಪರೀಕ್ಷೆ ಬಂದಾಗ ಯಾರೂ ಸಿಗುವುದಿಲ್ಲ. ಹತ್ತಿರದ ಸೈಕಲ್ ಶಾಪಿನವರ ಜೊತೆ ಒಪ್ಪಂದ ಮಾಡಿಕೊಂಡು ವಾರಕ್ಕೊಂದು ದಿನ ಅರ್ಧ ಹೊತ್ತು ಕರೆಸಿ. ತಿಂಗಳಿಗೆ ಇಷ್ಟು ಎಂದು ಸಂಬಳದ ಹಾಗೆ ಕೊಡಿ, ಬಿಡಿಭಾಗಕ್ಕೆ ಬೇರೆ ಬಿಲ್. ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ಇದರಷ್ಟು ಸಾರ್ಥಕವಾದ ಖರ್ಚು ಬೇರೊಂದಿಲ್ಲ. ಇದಕ್ಕೆ ದುಡ್ಡಿಲ್ಲ ಎಂದರೆ 6ನೇ ಹಂತಕ್ಕೆ ಹೋಗಲೇಬೇಡಿ.

## ಹಂತ 6: ಈಗ ಸೈಕಲ್

6.1 ಕೊಳ್ಳುವ ಮುಂಚೆ ಹುಡುಕಿ. ಹಾಸ್ಟೆಲ್‌ಗಳ ಹಿಂದೆ ವಾರಸುದಾರರಿಲ್ಲದ ಸೈಕಲ್‌ಗಳು ಬಿದ್ದಿರುತ್ತವೆ. ಪ್ರತಿಯೊಂದರ ಫೋಟೋ ತೆಗೆದು, ಚೀಟಿ ಕಟ್ಟಿ, ನೋಟೀಸ್ ಬೋರ್ಡಿನಲ್ಲಿ 30 ದಿನದ ಗಡುವು ಹಾಕಿ. ಯಾರೂ ಬರದಿದ್ದರೆ ಪ್ರಿನ್ಸಿಪಾಲರ ಆದೇಶದ ಮೇಲೆ ವಶಕ್ಕೆ ತೆಗೆದುಕೊಳ್ಳಿ. ಸುಮ್ನೆ ಎತ್ತಿಕೊಂಡು ಬಂದರೆ ಕಳ್ಳತನದ ಮಾತು ಬರುತ್ತದೆ. ಸರ್ಕಾರಿ ಶಾಲೆಯಲ್ಲಿ 8ನೇ ತರಗತಿಗೆ ಕೊಟ್ಟ ಸೈಕಲ್‌ಗಳೂ ಎಷ್ಟೋ ಮನೆಗಳ ಹಿತ್ತಲಲ್ಲಿವೆ. ಕೊಡಲು ಮನಸ್ಸಿರುವವರಿಂದ ಬರೆಸಿಕೊಂಡು ಪಡೆಯಿರಿ.

6.2 ಹೊಸದಾದರೆ ಎಂಥದ್ದು? ಗೇರ್ ಬೇಡ, ಸಸ್ಪೆನ್ಷನ್ ಬೇಡ. 26 ಇಂಚಿನ ಚಕ್ರ, ಮಡ್‌ಗಾರ್ಡ್, ಕ್ಯಾರಿಯರ್, ಬೆಲ್ಲು, ಪೂರ್ತಿ ಚೈನ್ ಕವರ್. ಮಧ್ಯದ ಅಡ್ಡ ಪೈಪ್ ತಗ್ಗಿರುವ, ಅಂಗಡಿಯವರು ಲೇಡೀಸ್ ಸೈಕಲ್ ಎನ್ನುವ ಮಾದರಿ ತೆಗೆದುಕೊಳ್ಳಿ. ಹುಡುಗರು ಹುಡುಗಿಯರು ಇಬ್ಬರೂ ಓಡಿಸಬಹುದು, ಚೂಡಿದಾರದ ವೇಲು ಚೈನಿಗೆ ಸಿಗುವುದಿಲ್ಲ. ಎಲ್ಲವೂ ಒಂದೇ ಮಾದರಿ ಇರಲಿ. ಒಂದರ ಪೆಡಲ್ ಇನ್ನೊಂದಕ್ಕೆ ಆಗುತ್ತದೆ. ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ಬಿಚ್ಚುವ ಸೀಟು, ಚಕ್ರ ಇರುವ ಸೈಕಲ್ ಬೇಡ, ಒಂದೇ ವಾರದಲ್ಲಿ ಸೀಟು ಕಾಣೆಯಾಗುತ್ತದೆ. ಮೊದಲ ಸೆಮಿಸ್ಟರ್‌ಗೆ 15 ದಾಟಬೇಡಿ.

6.3 ಸೆಮಿಸ್ಟರ್ ಪೂರ್ತಿ ಒಬ್ಬರಿಗೇ ಕೊಡಿ. ನಾನು ಗಟ್ಟಿಯಾಗಿ ಹೇಳುವ ಮಾತು ಇದು. ಗಂಟೆ ಲೆಕ್ಕದಲ್ಲಿ ಯಾರು ಬೇಕಾದರೂ ತೆಗೆದುಕೊಂಡು ಹೋಗುವ ಪದ್ಧತಿ ಕಾಲೇಜಿನಲ್ಲಿ ಬೇಗ ಕೆಡುತ್ತದೆ. ಬ್ರೇಕ್ ಸಡಿಲವಾಗಿದ್ದರೆ ಯಾರೂ ಹೇಳುವುದಿಲ್ಲ, ಮುಂದಿನವರು ನೋಡಿಕೊಳ್ಳಲಿ ಎಂದು ಇಟ್ಟು ಹೋಗುತ್ತಾರೆ. ಅದೇ ಸೈಕಲ್ ಐದು ತಿಂಗಳು ನಿಮ್ಮದೇ ಎಂದಾಗ ನೀವೇ ಗಾಳಿ ಹೊಡೆಯುತ್ತೀರಿ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಸುಮಾರು 450 ಸೈಕಲ್‌ಗಳೊಂದಿಗೆ ಶುರುವಾದ ಬಾಡಿಗೆ ಸೈಕಲ್ ಯೋಜನೆ ಟ್ರಿಣ್ ಟ್ರಿಣ್‌ನಲ್ಲಿ ಸೈಕಲನ್ನು ನಿಲ್ದಾಣಕ್ಕೇ ಬೀಗ ಹಾಕುವ ಏರ್ಪಾಡಿತ್ತು, ಕಾರ್ಡ್ ಇತ್ತು, ನೋಡಿಕೊಳ್ಳುವ ಸಿಬ್ಬಂದಿ ಇದ್ದರು. ಅಂಥ ಏರ್ಪಾಡಿಲ್ಲದೆ ಗಂಟೆ ಲೆಕ್ಕಕ್ಕೆ ಹೋಗಬೇಡಿ. ಆ್ಯಪ್ ಕಂಪನಿಗಳನ್ನು ನೆಚ್ಚಿ ಯೋಜನೆ ಕಟ್ಟುವುದೂ ಬೇಡ. ಆ್ಯಪ್ ಮೂಲಕ ಸೈಕಲ್ ಬಾಡಿಗೆ ಕೊಡುತ್ತಿದ್ದ ಚೀನಾದ ಓಫೊ 2018ರಲ್ಲೇ ಭಾರತ ಬಿಟ್ಟು ಹೊರಟಿತು. ಕಂಪನಿ ಹೋದರೆ ನಿಮ್ಮ ಸೈಕಲ್‌ಗಳೂ ಹೋಗುತ್ತವೆ.

6.4 ಲೆಕ್ಕ ಲೈಬ್ರರಿಗೆ ಒಪ್ಪಿಸಿ. ಪುಸ್ತಕ ಕೊಟ್ಟು ವಾಪಸ್ ಪಡೆಯುವ ವ್ಯವಸ್ಥೆ ಅಲ್ಲಿ ಆಗಲೇ ಇದೆ. ಪ್ರತಿ ಸೈಕಲ್‌ಗೂ ಒಂದು ನಂಬರ್ ಬರೆಸಿ, ಲೈಬ್ರರಿ ಕಾರ್ಡಿನ ಮೇಲೆ ಕೊಡಿ. ಸೆಮಿಸ್ಟರ್ ಕೊನೆಗೆ ಸೈಕಲ್ ತಂದು ತೋರಿಸದಿದ್ದರೆ ನೋ ಡ್ಯೂ ಸಿಗಬಾರದು. ಬೇರೆ ಆ್ಯಪ್ ಬೇಡ, ಬೇರೆ ಗುಮಾಸ್ತರು ಬೇಡ. ಕೊಡುವಾಗ ಫ್ರೇಮಿನ ನಂಬರ್, ಬೀಗದ ನಂಬರ್, ಅವತ್ತಿನ ಸ್ಥಿತಿಯ ಫೋಟೋ ಇರಲಿ. ಹಳ್ಳಿಯಿಂದ ಬಸ್ಸಿಳಿದು ದೂರ ನಡೆಯುವವರಿಗೆ ಮೊದಲ ಆದ್ಯತೆ ಕೊಡಿ. ಬೆಂಗಳೂರಿನ ಜ್ಞಾನಭಾರತಿಯಂಥ ದೊಡ್ಡ ಆವರಣದಲ್ಲಿ ಮೆಟ್ರೋ ಅಥವಾ ಬಸ್ಸಿಳಿದು ವಿಭಾಗ ಸೇರುವುದೇ ಒಂದು ಪ್ರಯಾಣ. ಸೈಕಲ್ ನಿಜವಾಗಿ ಕೆಲಸಕ್ಕೆ ಬರುವುದು ಅಲ್ಲಿ.

6.5 ವಾರದ ತಪಾಸಣೆ. ಗಾಳಿ, ಬ್ರೇಕು, ಚೈನು, ಈ ಮೂರು ಸಾಕು. ಎಷ್ಟು ಗಾಳಿ ಹೊಡೆಯಬೇಕು ಎಂಬುದು ಟೈರಿನ ಬದಿಯಲ್ಲೇ ಅಚ್ಚಾಗಿರುತ್ತದೆ. ಓಡಿಸದೆ ನಿಲ್ಲಿಸಿದರೂ ಗಾಳಿ ಇಳಿಯುತ್ತದೆ, ಗಾಳಿ ಇಲ್ಲದ ಟೈರ್ ಮೇಲೆ ಹತ್ತಿ ಕೂತರೆ ಟ್ಯೂಬ್ ಹರಿಯುತ್ತದೆ. ಬ್ರೇಕ್ ಹಿಡಿ ಹ್ಯಾಂಡಲ್‌ಗೆ ತಾಗುವಷ್ಟು ಒಳಗೆ ಬಂದರೆ ಅವತ್ತೇ ಬಿಗಿ ಮಾಡಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಪೂರ್ತಿ ವಾರಕ್ಕೊಮ್ಮೆ ಚೈನ್ ಒರೆಸಿ ಎಣ್ಣೆ ಬಿಡಿ. ಒರೆಸದೆ ಬಿಟ್ಟರೆ ಎಣ್ಣೆಗೆ ಮಣ್ಣು ಸೇರಿ ಚೈನ್ ಬೇಗ ಸವೆಯುತ್ತದೆ. ಒದ್ದೆ ರಿಮ್ಮಿನ ಮೇಲೆ ಬ್ರೇಕ್ ಹಿಡಿಯುವುದು ತಡ, ಸೈಕಲ್ ಕೊಡುವ ದಿನವೇ ಇದನ್ನು ಹೇಳಿ, ಇಳಿಜಾರಿನಲ್ಲಿ ಓಡಿಸಿ ತೋರಿಸಿ.

*ಎಚ್ಚರಿಕೆಯ ಸೂಚನೆಗಳು:* ರಿಪೇರಿಗೆ ಬಂದ ಸೈಕಲ್ ಒಂದು ವಾರ ದಾಟಿ ಮೂಲೆಯಲ್ಲೇ ನಿಂತಿದೆ. ಒಂದು ಕೆಟ್ಟ ಸೈಕಲ್‌ನಿಂದ ಬಿಡಿಭಾಗ ಕಿತ್ತು ಇನ್ನೊಂದಕ್ಕೆ ಹಾಕುವುದು ಶುರುವಾಗಿದೆ. ತಪಾಸಣೆ ರಿಜಿಸ್ಟರ್‌ನಲ್ಲಿ ನಾಲ್ಕು ವಾರದ ಸಹಿ ಒಂದೇ ಪೆನ್ನಿನಲ್ಲಿ, ಒಂದೇ ದಿನ ಹಾಕಿದಂತಿದೆ. ಇವುಗಳಲ್ಲಿ ಎರಡು ಕಂಡರೂ ಹೊಸ ಸೈಕಲ್ ಸೇರಿಸುವುದು ನಿಲ್ಲಿಸಿ, 5ನೇ ಹಂತ ಸರಿ ಮಾಡಿ.

## ಹಂತ 7: ಬ್ಯಾಟರಿ ಗಾಡಿ, ಬೇಕಿದ್ದರೆ ಮಾತ್ರ

ಕ್ಯಾಂಪಸ್ ಚಿಕ್ಕದಿದ್ದರೆ ಇದು ಬೇಡ. ದೊಡ್ಡದಿದ್ದರೆ ನಡೆಯಲಾಗದವರಿಗಾಗಿ ಒಂದು ಗಾಡಿ ಇರಬೇಕಾದ್ದೇ. ನಿಗದಿತ ಸಮಯ, ನಿಗದಿತ ನಿಲುಗಡೆ ಇಡಿ. ಕರೆದಾಗ ಬರುವ ಗಾಡಿ ನಿಧಾನಕ್ಕೆ ಅಧಿಕಾರಿಗಳ ಗಾಡಿಯಾಗಿಬಿಡುತ್ತದೆ.

ಲೆಡ್ ಆಸಿಡ್ ಬ್ಯಾಟರಿ ಅಗ್ಗ, ಆದರೆ ದಿನಾ ಪೂರ್ತಿ ಚಾರ್ಜ್ ಮಾಡಬೇಕು, ಡಿಸ್ಟಿಲ್ಡ್ ವಾಟರ್ ನೋಡುತ್ತಿರಬೇಕು. ರಜೆಯಲ್ಲಿ ಖಾಲಿ ಬಿಟ್ಟರೆ ಸತ್ತುಹೋಗುತ್ತದೆ. ಲಿಥಿಯಂ ದುಬಾರಿ, ಬಾಳಿಕೆ ಜಾಸ್ತಿ. ಯಾವುದಾದರೂ ಚಾರ್ಜ್ ಮಾಡುವ ಜಾಗಕ್ಕೆ ಗಾಳಿ ಆಡಬೇಕು, ಮಳೆ ನೀರು ತಾಗಬಾರದು. ಬ್ಯಾಟರಿ ಉಬ್ಬಿದ್ದರೆ, ಮುಟ್ಟಲಾಗದಷ್ಟು ಬಿಸಿಯಾದರೆ, ವಾಸನೆ ಬಂದರೆ ಆ ಗಾಡಿ ಓಡಿಸಬೇಡಿ, ಚಾರ್ಜಿಗೂ ಹಾಕಬೇಡಿ. ನೋಂದಣಿ ಇಲ್ಲದ ಗಾಲ್ಫ್ ಗಾಡಿಯನ್ನು ಗೇಟಿನಿಂದ ಹೊರಗೆ ರಸ್ತೆಗೆ ಇಳಿಸುವಂತಿಲ್ಲ.

ವಿದ್ಯಾರ್ಥಿಗಳು ಎಲೆಕ್ಟ್ರಿಕ್ ಸ್ಕೂಟರ್ ತರುವುದಾದರೆ ಒಂದು ಮಾತು. 250 ವಾಟ್‌ಗಿಂತ ಕಡಿಮೆ ಶಕ್ತಿಯ, 25 ಕಿ.ಮೀ. ವೇಗದ ಒಳಗಿನ ಗಾಡಿಗಷ್ಟೇ ನೋಂದಣಿ, ಲೈಸೆನ್ಸ್ ವಿನಾಯಿತಿ. ಅದಕ್ಕಿಂತ ಜೋರಾಗಿ ಓಡುವ ಗಾಡಿಯನ್ನು ಲೈಸೆನ್ಸ್ ಬೇಡ ಎಂದು ಅಂಗಡಿಯವರು ಮಾರಿದರೂ ಕಾನೂನು ಬದಲಾಗುವುದಿಲ್ಲ.

## ಹಂತ 8: ಮತ್ತೆ ಎಣಿಸಿ, ಕೈ ಬದಲಿಸಿ

ಎರಡನೇ ಸೆಮಿಸ್ಟರ್‌ನ ಮಧ್ಯದಲ್ಲಿ ಅದೇ ಮಂಗಳವಾರ, ಬುಧವಾರ, ಗುರುವಾರ, ಅದೇ ಹೊತ್ತಿನಲ್ಲಿ, ಅದೇ ಕಾಲಂ ಹಾಕಿ ಎಣಿಸಿ. ಒಬ್ಬರೇ ಬಂದ ಬೈಕುಗಳ ಸಂಖ್ಯೆ ಕಡಿಮೆಯಾಗಿದೆಯೇ ಎಂಬುದೇ ಪ್ರಶ್ನೆ. ಸೈಕಲ್ ಎಷ್ಟು ಕೊಂಡಿರಿ ಎಂಬುದನ್ನು ವರದಿಯ ಮೊದಲ ಸಾಲಿನಲ್ಲಿ ಬರೆಯಬೇಡಿ.

ಬೇಸಿಗೆ ರಜೆಗೆ ಮುಂಚೆ ಎಲ್ಲ ಸೈಕಲ್ ವಾಪಸ್ ಪಡೆಯಿರಿ. ಒರೆಸಿ, ಚೈನಿಗೆ ಎಣ್ಣೆ ಬಿಟ್ಟು, ಪೂರ್ತಿ ಗಾಳಿ ಹೊಡೆದು ಒಳಗಿಡಿ. ಬಿಸಿಲಿನಲ್ಲಿ ಬಿಟ್ಟರೆ ಟೈರ್ ಬಿರುಕು ಬಿಡುತ್ತದೆ.

ಆಮೇಲೆ ಮೊದಲ ವರ್ಷದ ಇಬ್ಬರಿಗೆ ಫೈಲ್ ಒಪ್ಪಿಸಿ. ಅದರಲ್ಲಿ ಇವಿಷ್ಟು ಇರಲಿ: ಪ್ರಿನ್ಸಿಪಾಲರ ಆದೇಶ, ಎರಡೂ ಎಣಿಕೆಯ ಹಾಳೆಗಳು, ಡಿಪೋದ ಸ್ವೀಕೃತಿ ಪ್ರತಿ, ಸೈಕಲ್ ಶಾಪಿನವರ ಒಪ್ಪಂದ ಮತ್ತು ಫೋನ್ ನಂಬರ್, ಲೈಬ್ರರಿಯ ಪಟ್ಟಿ, ರಿಪೇರಿ ಪೆಟ್ಟಿಗೆಯ ಇನ್ನೊಂದು ಕೀ. ಒಪ್ಪಿಸಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಅವರನ್ನು ಕರೆದುಕೊಂಡು ಹೋಗಿ ಡಿಪೋ ಮ್ಯಾನೇಜರ್ ಅವರಿಗೂ ಸೈಕಲ್ ಶಾಪಿನವರಿಗೂ ಮುಖ ಪರಿಚಯ ಮಾಡಿಸಿ ಬನ್ನಿ. ಜೂನ್‌ನಲ್ಲಿ ಆ ಕೆಲಸಕ್ಕೆ ನೀವು ಸಿಗುವುದಿಲ್ಲ, ಏಪ್ರಿಲ್‌ನಲ್ಲೇ ಮುಗಿಸಿ.